ಮೈನ್‌ಕ್ರಾಫ್ಟ್ ಸರ್ವರ್‌ಗೆ ತನ್ನ ಜಾರ್ ಫೈಲನ್ನೇ ತಿದ್ದೋ ಪರ್ಮಿಷನ್ ಕೊಡ್ಬೇಡಿ

2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಅನ್ನೋ ಮಾಲ್‌ವೇರ್ ಮೈನ್‌ಕ್ರಾಫ್ಟ್ ಮಾಡ್‌ಗಳ (ಆಟಕ್ಕೆ ಹೊಸದನ್ನ ಸೇರಿಸೋ ಆಡ್ಆನ್‌ಗಳ) ಒಳಗೆ ಸೇರ್ಕೊಂಡು ಬಂದಿತ್ತು, ನೆನಪಿದ್ಯಾ? ಅದಿರೋ ಒಂದು ಮಾಡ್ ಓಡಿಸಿದ್ರೆ ಸಾಕು, ಸಿಸ್ಟಮ್‌ನಲ್ಲಿ ಕೈಗೆ ಸಿಕ್ಕಿದ ಬೇರೆ ಜಾರ್ ಫೈಲ್‌ಗಳಿಗೂ (ಜಾವಾ ಪ್ರೋಗ್ರಾಂ ಇರೋ ಫೈಲ್‌ಗಳಿಗೂ) ತನ್ನ ಕೋಡ್ ತುರುಕೋಕೆ ನೋಡ್ತಿತ್ತು. ಅದ್ರ ಕೈಗೆ ನಮ್ಮ ಜಾರ್ ಸಿಗಬಾರ್ದು, ಅಷ್ಟೇ ನಮ್ಮ ಕೆಲಸ. ಲಿನಕ್ಸ್‌ನಲ್ಲಿ ಸರ್ವರ್ ನಡ್ಸೋರು ಹೀಗೆ ಮಾಡಿ.

ಮೊದ್ಲು ಡಿಸ್ಕ್ ನೋಡಿ. ಸುಮಾರು ಜನ ಹಳೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿ ಅದ್ರಲ್ಲೇ ಸರ್ವರ್ ಇಡ್ತಾರೆ, ಎಷ್ಟೋ ಸಲ ಅದ್ರ ಫೈಲ್‌ಸಿಸ್ಟಮ್ ಎಕ್ಸ್‌ಫ್ಯಾಟ್ ಆಗಿರುತ್ತೆ, ಎಕ್ಸ್‌ಫ್ಯಾಟ್‌ಗೆ ಓನರ್ ಗ್ರೂಪ್ ಅನ್ನೋದೇ ಗೊತ್ತಿಲ್ಲ, ಮೌಂಟ್ ಮಾಡುವಾಗ ಏನು ಕೊಟ್ರೋ ಅದೇ ಎಲ್ಲಾ ಫೈಲಿಗೂ. ಎಲ್‌ಎಸ್ ಮೈನಸ್ ಎಲ್ (ಓನರ್, ಪರ್ಮಿಷನ್ ತೋರ್ಸೋ ಕಮಾಂಡ್) ಹೊಡೆದಾಗ ಓನರ್, ಪರ್ಮಿಷನ್ ಸಾಲಿಗೆ ಸಾಲು ಒಂದೇ ಥರ ಕಂಡ್ರೆ ಡೌಟ್ ಪಡಿ. ಡಿಸ್ಕಿಗೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಹಾಕಿ, ಸ್ನ್ಯಾಪ್‌ಶಾಟ್ (ಆ ಕ್ಷಣ ಇದ್ದಂಗೇ ಹಿಡಿದಿಟ್ಟ ಪ್ರತಿ) ಬೇಕಂದ್ರೆ ಬಿಟಿಆರ್‌ಎಫ್‌ಎಸ್ ಹಾಕಿ. ನೋಎಕ್ಸೆಕ್ (ಡಿಸ್ಕಲ್ಲಿರೋ ಪ್ರೋಗ್ರಾಂನ ನೇರ ಓಡಿಸೋಕೆ ಬಿಡದ ಆಯ್ಕೆ) ಕೊಟ್ಟು ಮೌಂಟ್ ಮಾಡಿದೀನಿ ಇನ್ನೇನು ಭಯ ಅಂತ ಕೂರ್ಬೇಡಿ, ಜಾರ್ ಫೈಲನ್ನ ಜಾವಾ ಬರೀ ಓದುತ್ತೆ, ಓದೋದನ್ನ ನೋಎಕ್ಸೆಕ್ ತಡೆಯಲ್ಲ.

ಆಮೇಲೆ ಸರ್ವರ್‌ಗೇ ಅಂತ ಲಾಗಿನ್ ಇಲ್ದಿರೋ ಒಂದು ಯೂಸರ್ ಮಾಡಿ, ರೂಟ್ (ಎಲ್ಲಾ ಹಕ್ಕೂ ಇರೋ ಅಡ್ಮಿನ್) ಆಗಿ ಮಾತ್ರ ಓಡಿಸ್ಲೇಬೇಡಿ.

ಈಗ ಎಲ್ರೂ ಎಡವೋ ಜಾಗ. ಜಾರ್ ಫೈಲ್ ರೂಟ್‌ದು ಮಾಡಿ, ಗ್ರೂಪ್ ಸರ್ವರ್‌ದು ಇಟ್ಟು 640 (ಓನರ್ ಓದಿ ಬರೀಬಹುದು, ಗ್ರೂಪ್ ಬರೀ ಓದಬಹುದು) ಕೊಟ್ರೆ ಮುಗೀತು ಅನ್ಕೋತೀವಿ, ಆದ್ರೆ ಫೈಲ್ ಅಳಿಸೋಕೆ ಬೇಕಿರೋದು ಫೋಲ್ಡರ್ ಮೇಲಿನ ಹಕ್ಕು, ಫೋಲ್ಡರ್ ಸರ್ವರ್ ಯೂಸರ್‌ದಾಗಿದ್ರೆ ಹಳೇ ಜಾರ್ ಕಿತ್ತು ಅದೇ ಹೆಸ್ರಲ್ಲಿ ಬೇರೆದು ಇಟ್ಬಿಡಬಹುದು. ಹಂಗಂತ ಫೋಲ್ಡರ್‌ಗೆ ಬರೆಯೋದನ್ನೇ ನಿಲ್ಸೋಕಾಗಲ್ಲ, ಆಪ್ (ಆಪರೇಟರ್) ಲಿಸ್ಟು, ಬ್ಯಾನ್ ಲಿಸ್ಟು ಎಲ್ಲಾ ಅಲ್ಲೇ ಬರೀಬೇಕು. ಅದಕ್ಕೆ ಸ್ಟಿಕಿ ಬಿಟ್ ಇದೆ: ಫೋಲ್ಡರ್ ಓನರ್ ರೂಟ್, ಗ್ರೂಪ್ ಸರ್ವರ್‌ದು, ಸಿಎಚ್‌ಮೋಡ್ 1770 (ಮೊದಲ 1 ಅಂದ್ರೆ ಸ್ಟಿಕಿ ಬಿಟ್). ಈಗ ಹೊಸ ಫೈಲ್ ಮಾಡಬಹುದು, ರೂಟ್‌ನ ಫೈಲನ್ನ ಕೀಳೋಕಾಗಲ್ಲ. ಫ್ಯಾಬ್ರಿಕ್ (ಮಾಡ್ ಲೋಡರ್) ಆದ್ರೆ ಮಾಡ್ಸ್ ಫೋಲ್ಡರನ್ನೂ ರೂಟ್‌ಗೆ ಕೊಟ್ಟು, ಗ್ರೂಪ್ ಸರ್ವರ್‌ದೇ ಇಟ್ಟು 750 ಮಾಡಿ, ಒಳಗಿನ ಜಾರ್‌ಗಳೂ ರೂಟ್‌ದೇ ಇರ್ಲಿ, ಗ್ರೂಪ್ ಸರ್ವರ್‌ದು, 640. ವರ್ಲ್ಡು, ಲಾಗ್ಸು, ಕಾನ್ಫಿಗ್ ಮಾತ್ರ ಸರ್ವರ್ ಯೂಸರ್‌ದು.

ಸರ್ವರ್ ಡಾಟ್ ಪ್ರಾಪರ್ಟೀಸ್ ಫೈಲಲ್ಲಿ ಆರ್‌ಕಾನ್ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡೋ ದಾರಿ) ಪಾಸ್‌ವರ್ಡ್ ಹಾಗೇ ಓದೋ ಥರ ಕೂತಿರುತ್ತೆ, ಅದನ್ನೂ ಸರ್ವರ್ ಯೂಸರ್ ಹೆಸರಿಗೇ ಬಿಟ್ಟು 600 ಮಾಡಿ.

ವರ್ಲ್ಡ್ ಹಾಳಾಗೋದನ್ನ ಪರ್ಮಿಷನ್ ತಡೆಯಲ್ಲ, ಅಲ್ಲಿ ಬರೆಯೋ ಹಕ್ಕು ಕೊಟ್ಟಿದೀವಲ್ಲ, ಹಾಗಾಗಿ ರೂಟ್ ಕೈಲಿ ರೀಡ್‌ಓನ್ಲಿ ಸ್ನ್ಯಾಪ್‌ಶಾಟ್ ತೆಗೆಸಿ, ಇನ್ನೊಂದು ಕಾಪಿ ಬೇರೆ ಮೆಷಿನ್‌ಗೆ ಕಳ್ಸಿ, ಡಿಸ್ಕೇ ಹೋದ್ರೆ ಸ್ನ್ಯಾಪ್‌ಶಾಟೂ ಹೋಗುತ್ತೆ.

ಎಲ್ಲಾ ಆದ್ಮೇಲೆ ಸುಡೊ ಹಾಕಿ ಅದೇ ಸರ್ವರ್ ಯೂಸರ್ ಆಗಿ ಮೇನ್ ಫೋಲ್ಡರ್‌ನಲ್ಲಿರೋ ಸರ್ವರ್ ಜಾರ್ ಫೈಲ್ ಹೆಸರು ಬದಲಾಯಿಸಿ ನೋಡಿ, ಆಪರೇಷನ್ ನಾಟ್ ಪರ್ಮಿಟೆಡ್ ಅಂತ ಬರ್ಬೇಕು. ಬರ್ಲಿಲ್ಲ ಅಂದ್ರೆ ಸರ್ವರ್ ಆನ್ ಮಾಡ್ಬೇಡಿ, ಫೋಲ್ಡರ್ ಓನರ್ ಯಾರು ಅಂತ ಮತ್ತೆ ನೋಡಿ.