ಕಡಲ ತಳದ ವಾಲ್ವ್‌ಗೆ ಜವಾಬ್ದಾರರು ಯಾರು? ನಾರ್ವೆಗೆ ಬರುವ ಕನ್ನಡಿಗ ಎಂಜಿನಿಯರ್‌ಗಳಿಗೆ

ಸ್ಟವಾಂಗರ್, ಬರ್ಗನ್, ಕಾಂಗ್ಸ್‌ಬರ್ಗ್ ಕಡೆಗೆ ಸಬ್‌ಸೀ, ಅಂದರೆ ಕಡಲ ತಳದ ಎಣ್ಣೆ, ಗ್ಯಾಸ್ ಬಾವಿಗಳ ಕೆಲಸಕ್ಕೆ ಹೊಸದಾಗಿ ಬರುವ ನಮ್ಮವರು ಮೊದಲ ತಿಂಗಳಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಈ ಶಟ್‌ಡೌನ್ ಸಿಸ್ಟಮ್ ಡಿಸೈನ್‌ಗೆ ಸರ್ಕಾರದ ಅಪ್ರೂವಲ್ ಎಲ್ಲಿ ತಗೋಬೇಕು?" ನಾನೂ ಬಂದ ಹೊಸದರಲ್ಲಿ ಇದನ್ನೇ ಕೇಳಿದ್ದೆ. ಎದುರಿಗಿದ್ದ ಹಿರಿಯ ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಇದು ಸುರಕ್ಷಿತ ಅನ್ನಿಸುತ್ತಾ? ಯಾಕೆ ಅನ್ನಿಸುತ್ತೆ ಅಂತ ಬರೆದು ಕೊಡು" ಅಂದರು.

ನಾರ್ವೆಯ ವ್ಯವಸ್ಥೆ ಅರ್ಥವಾಗಬೇಕಾದರೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಡಲಿನ ಎಣ್ಣೆ, ಗ್ಯಾಸ್ ಕೆಲಸದ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಾವ್‌ಟಿಲ್. ಇದರ ಕಚೇರಿ ಸ್ಟವಾಂಗರ್‌ನಲ್ಲಿದೆ. 2004ರಲ್ಲಿ ಪೆಟ್ರೋಲಿಯಂಸ್‌ಟಿಲ್ಸೂನೆ ಅನ್ನೋ ಹೆಸರಲ್ಲಿ ಶುರುವಾಗಿ, 2024ರ ಜನವರಿಯಲ್ಲಿ ಹೆಸರು ಬದಲಾಯಿತು. ಹಳೆಯ ಕಾಗದಗಳಲ್ಲಿ ಹಳೆಯ ಹೆಸರು ಕಂಡರೆ ಗಾಬರಿಯಾಗಬೇಡಿ, ಎರಡೂ ಒಂದೇ. ಹಾವ್‌ಟಿಲ್ ನಿಮ್ಮ ವಾಲ್ವ್‌ಗೆ ಮುದ್ರೆ ಒತ್ತುವುದಿಲ್ಲ. ಡ್ರಾಯಿಂಗ್‌ಗೆ ಸಹಿಯನ್ನೂ ಹಾಕುವುದಿಲ್ಲ. ಯೋಜನೆಯ ಕೆಲವು ಮುಖ್ಯ ಹಂತಗಳಲ್ಲಿ 'ಸಮ್ಟಿಕ್ಕೆ' ಅಂದರೆ ಒಪ್ಪಿಗೆ ಕೊಡುತ್ತದೆ. ಆದರೆ ಆ ಒಪ್ಪಿಗೆಯ ಅರ್ಥ "ಇವರು ಮುಂದುವರಿಯಬಹುದು" ಅಂತ ಮಾತ್ರ. ಎಲ್ಲವೂ ಸರಿಯಿದೆ ಅನ್ನೋ ಸರ್ಟಿಫಿಕೇಟ್ ಅದಲ್ಲ. ಜವಾಬ್ದಾರಿ ಕಂಪನಿಯದ್ದು. ಕಂಪನಿಯೊಳಗೆ ಅದು ಹಂಚಿಕೊಂಡು ಬರುತ್ತಾ ಬರುತ್ತಾ ನಿಮ್ಮ ಮೇಜಿಗೂ ಬಂದು ಕೂರುತ್ತದೆ.

ಈಗ ಕಡಲ ತಳದಲ್ಲಿ ಏನಿದೆ ನೋಡೋಣ. ಬಾವಿಯ ಬಾಯಿಯ ಮೇಲೆ ಕೂತಿರುವ ವಾಲ್ವ್‌ಗಳ ಗೊಂಚಲಿಗೆ ಕ್ರಿಸ್ಮಸ್ ಟ್ರೀ ಅಂತಾರೆ. ಅದರಲ್ಲಿ ಮಾಸ್ಟರ್ ವಾಲ್ವ್ ಮತ್ತು ವಿಂಗ್ ವಾಲ್ವ್ ಮುಖ್ಯ. ಅದಕ್ಕೂ ಕೆಳಗೆ, ಬಾವಿಯ ಕೊಳವೆಯೊಳಗೇ ಇರುವುದು ಡೌನ್‌ಹೋಲ್ ಸೇಫ್ಟಿ ವಾಲ್ವ್. ಟ್ರೀಗೆ ಅಂಟಿಕೊಂಡಂತೆ ಒಂದು ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಪ್ಲಾಟ್‌ಫಾರ್ಮ್‌ನಿಂದಲೋ ದಡದಿಂದಲೋ ಅದರವರೆಗೆ ಒಂದು ದಪ್ಪ ಹಗ್ಗದಂಥ ಕೇಬಲ್ ಇಳಿದು ಬರುತ್ತದೆ. ಹೈಡ್ರಾಲಿಕ್ ಕೊಳವೆಗಳು, ಕರೆಂಟ್ ತಂತಿ, ಫೈಬರ್ ಎಲ್ಲ ಅದರೊಳಗೇ. ಅದರ ಹೆಸರು ಅಂಬಿಲಿಕಲ್, ಅಂದರೆ ಹೊಕ್ಕುಳಬಳ್ಳಿ. ಹೆಸರು ಸರಿಯಾಗೇ ಇದೆ ಅಲ್ವಾ?

ಈ ಸುರಕ್ಷತಾ ವಾಲ್ವ್‌ಗಳ ಗುಣ ಒಂದೇ. ತೆರೆದಿರಬೇಕಾದರೆ ಹೈಡ್ರಾಲಿಕ್ ಒತ್ತಡ ತಳ್ಳುತ್ತಲೇ ಇರಬೇಕು. ಒತ್ತಡ ಹೋಯಿತೋ, ಒಳಗಿರುವ ಸ್ಪ್ರಿಂಗ್ ವಾಲ್ವನ್ನು ಮುಚ್ಚಿಬಿಡುತ್ತದೆ. ಅಂಬಿಲಿಕಲ್ ತುಂಡಾದರೂ, ಮೇಲೆ ಪಂಪ್ ನಿಂತರೂ, ಪ್ಲಾಟ್‌ಫಾರ್ಮ್‌ಗೇ ಬೆಂಕಿ ಬಿದ್ದರೂ ಬಾವಿ ತಾನಾಗಿಯೇ ಮುಚ್ಚಬೇಕು. ಯಾರೂ ಓಡಿಬಂದು ಬಟನ್ ಒತ್ತಬೇಕಾಗಿಲ್ಲ.

ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಒಂದು ಸಲ ಕಣ್ಣಾರೆ ನೋಡಬೇಕು. ಟೆಸ್ಟ್ ಹಾಲ್‌ನಲ್ಲಿ ಎರಡಾಳೆತ್ತರದ ಹಳದಿ ಟ್ರೀ ನಿಂತಿರುತ್ತದೆ. ವಾಲ್ವನ್ನು ತೆರೆದು ಮುಚ್ಚುವ ಆಕ್ಚುಯೇಟರ್‌ನ ತುದಿಯಲ್ಲಿ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಅಂತ ತೋರಿಸುವ ಒಂದು ಸಣ್ಣ ಕಡ್ಡಿ ಇರುತ್ತದೆ. ಟೆಕ್ನಿಷಿಯನ್ ಸಪ್ಲೈ ಕಟ್ ಮಾಡುತ್ತಾರೆ. ಗೇಜಿನ ಮುಳ್ಳು ನಿಧಾನವಾಗಿ ಇಳಿಯತೊಡಗುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಮುಳ್ಳು ಒಂದು ಗೆರೆ ದಾಟಿದ್ದೇ ತಡ, ಕಡ್ಡಿ ಅಲುಗುತ್ತದೆ. ನೆಲಕ್ಕೆ ಭಾರವಾದದ್ದೇನೋ ಬಿದ್ದ ಹಾಗೆ ಕಾಲಿನಲ್ಲೇ ಗೊತ್ತಾಗುತ್ತದೆ. ಹಾಲ್‌ನಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಸ್ಟಾಪ್‌ವಾಚ್ ನೋಡುತ್ತಿರುತ್ತಾರೆ. ಎಷ್ಟು ಸೆಕೆಂಡಿಗೆ ಮುಚ್ಚಿತು, ಎಷ್ಟು ಒತ್ತಡದಲ್ಲಿ ಅಲುಗಲು ಶುರುವಾಯಿತು, ಎರಡನ್ನೂ ಬರೆದಿಡುತ್ತಾರೆ.

ಆ ಸೆಕೆಂಡುಗಳೇ ಕಡಲ ತಳದಲ್ಲಿ ನಿಜವಾದ ತಲೆನೋವು. ಪ್ಲಾಟ್‌ಫಾರ್ಮ್‌ನಲ್ಲಿ ಒತ್ತಡ ಬಿಟ್ಟರೂ, ಕಿಲೋಮೀಟರ್‌ಗಟ್ಟಲೆ ಉದ್ದದ ಸಣ್ಣ ಕೊಳವೆಯಲ್ಲಿರುವ ದ್ರವ ಹಿಂದಕ್ಕೆ ಹರಿದು ಬರಬೇಕಲ್ಲ. ಓರ್ಮೆನ್ ಲಾಂಗೆ ಅನ್ನೋ ಗ್ಯಾಸ್ ಫೀಲ್ಡ್‌ನ ಬಾವಿಗಳು ದಡದಿಂದ ಸುಮಾರು 120 ಕಿಲೋಮೀಟರ್ ದೂರ, 850ರಿಂದ 1,100 ಮೀಟರ್ ಆಳದಲ್ಲಿವೆ. ಬಾರೆಂಟ್ಸ್ ಸಮುದ್ರದ ಸ್ನೋಹ್ವಿಟ್ ಫೀಲ್ಡ್‌ಗೆ ದಡದಿಂದ ಸುಮಾರು 140 ಕಿಲೋಮೀಟರ್. ಅಷ್ಟು ದೂರದಿಂದ ಬರೀ ಕೊಳವೆಯ ಮೂಲಕ ಒತ್ತಡ ಇಳಿಸುತ್ತೇವೆ ಅಂದರೆ ತುಂಬಾ ಹೊತ್ತು ಹಿಡಿಯುತ್ತದೆ. ಅದಕ್ಕೇ ಒತ್ತಡವನ್ನು ಅಲ್ಲೇ, ಬಾವಿಯ ಹತ್ತಿರವೇ ಹೊರಬಿಡುವ ದಾರಿ ಹುಡುಕಬೇಕಾಗುತ್ತದೆ. ಆ ಹೊಸ ದಾರಿಯೂ ಕೆಡಬಹುದು. ಕೆಟ್ಟರೆ ಯಾವ ಕಡೆಗೆ ಕೆಡುತ್ತದೆ, ಬಾವಿ ಮುಚ್ಚುವ ಕಡೆಗೋ ತೆರೆದೇ ಉಳಿಯುವ ಕಡೆಗೋ? ನಿಮ್ಮನ್ನು ಇಲ್ಲಿ ಕೇಳುವ ಪ್ರಶ್ನೆಗಳು ಈ ಥರದವು.

ನಿಯಮದ ಪುಸ್ತಕ ತೆರೆದರೆ ಇನ್ನೊಂದು ಆಶ್ಚರ್ಯ ಕಾದಿದೆ. ಕಡಲಿನ ಪ್ಲಾಟ್‌ಫಾರ್ಮ್, ಉಪಕರಣಗಳ ನಿಯಮಗಳಾದ ಫೆಸಿಲಿಟೀಸ್ ರೆಗ್ಯುಲೇಶನ್ಸ್‌ನ 33ನೇ ಸೆಕ್ಷನ್ ಎಮರ್ಜೆನ್ಸಿ ಶಟ್‌ಡೌನ್ ಬಗ್ಗೆ, 34ನೇದು ಪ್ರೋಸೆಸ್ ಸೇಫ್ಟಿ ಬಗ್ಗೆ. ಎರಡೂ ಚಿಕ್ಕವು. ಶಟ್‌ಡೌನ್ ಸಿಸ್ಟಮ್ ಬೇರೆ ಸಿಸ್ಟಮ್‌ಗಳನ್ನು ನೆಚ್ಚಿಕೊಳ್ಳದೆ ತನ್ನ ಕೆಲಸ ಮಾಡಬೇಕು, ದೋಷ ಬಂದರೆ ಸುರಕ್ಷಿತ ಸ್ಥಿತಿಗೆ ಹೋಗಬೇಕು ಅಂತ ಹೇಳುತ್ತವೆ. ಹೇಗೆ ಅಂತ ಹೇಳುವುದಿಲ್ಲ. ಸ್ಪ್ರಿಂಗ್ ಇರಬೇಕು ಅಂತಲೂ ಇಲ್ಲ. ಈಗ ಹೈಡ್ರಾಲಿಕ್ ಬದಲು ಪೂರ್ತಿ ಕರೆಂಟ್‌ನಲ್ಲೇ ನಡೆಯುವ ಟ್ರೀಗಳ ಬಗ್ಗೆ ಜನ ಕೆಲಸ ಮಾಡುತ್ತಿರುವುದಕ್ಕೆ ಈ ಬಗೆಯ ನಿಯಮ ಜಾಗ ಕೊಡುತ್ತದೆ. ಆದರೆ "ಇದೂ ಅಷ್ಟೇ ಸುರಕ್ಷಿತ" ಅಂತ ತೋರಿಸುವ ಹೊಣೆ ಹೊಸ ದಾರಿ ಹಿಡಿದವರದ್ದು.

ಪ್ರತಿ ಸೆಕ್ಷನ್‌ಗೂ ಒಂದು 'ವೈಲೆಡ್ನಿಂಗ್', ಅಂದರೆ ಮಾರ್ಗದರ್ಶಿ ಟಿಪ್ಪಣಿ ಇರುತ್ತದೆ. ಯಾವ ಸ್ಟ್ಯಾಂಡರ್ಡ್ ನೋಡಬೇಕು ಅನ್ನುವುದು ಅಲ್ಲಿ ಸಿಗುತ್ತದೆ. ಬಾವಿಗೆ ನಾರ್ವೆ ಎಣ್ಣೆ ಉದ್ಯಮದ ಸ್ಟ್ಯಾಂಡರ್ಡ್ ನೋರ್ಸೊಕ್ ಡಿ-010, ಟೆಕ್ನಿಕಲ್ ಸೇಫ್ಟಿಗೆ ನೋರ್ಸೊಕ್ ಎಸ್-001, ಸುರಕ್ಷತಾ ಸಿಸ್ಟಮ್‌ಗಳಿಗೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ಗಳಾದ ಐಇಸಿ 61508 ಮತ್ತು 61511. ಆ ಎರಡು ಐಇಸಿ ಸ್ಟ್ಯಾಂಡರ್ಡ್‌ಗಳನ್ನು ಇಲ್ಲಿನ ಕೆಲಸಕ್ಕೆ ಹೇಗೆ ಬಳಸಬೇಕು ಅಂತ ಹೇಳುವ ಉದ್ಯಮದ ಕೈಪಿಡಿಯ ನಂಬರ್ 070. ಆಫೀಸಿನಲ್ಲಿ ಎಲ್ಲರೂ ಬರೀ "ಜೀರೋ ಸೆವೆಂಟಿ" ಅಂತಾರೆ. ಹೇಳಿದ ಸ್ಟ್ಯಾಂಡರ್ಡ್ ಪಾಲಿಸಿದರೆ ನಿಯಮ ಪಾಲಿಸಿದಂತೆ. ಬೇರೆ ದಾರಿ ಹಿಡಿದರೆ ಅದೂ ಅಷ್ಟೇ ಒಳ್ಳೆಯದು ಅಂತ ದಾಖಲೆ ಇಡಬೇಕು. ನಾರ್ವೇಜಿಯನ್‌ನಲ್ಲಿ 'ಸ್ಕಲ್' ಅಂದರೆ ಮಾಡಲೇಬೇಕು, 'ಬೊರ್' ಅಂದರೆ ಮಾಡುವುದು ಒಳ್ಳೆಯದು. ಭಾಷೆ ಕಲಿಯಲು ಶುರುಮಾಡುವವರು ಈ ಎರಡು ಪದ ಮೊದಲು ಕಲಿಯಿರಿ. ನಿಯಮಗಳ ಇಂಗ್ಲಿಷ್ ಅನುವಾದ ಹಾವ್‌ಟಿಲ್ ವೆಬ್‌ಸೈಟ್‌ನಲ್ಲಿ ಇದೆ, ಆದರೆ ಕಾನೂನಿನ ಮಾತು ಬಂದಾಗ ನಾರ್ವೇಜಿಯನ್ ಪಠ್ಯವೇ ಅಂತಿಮ.

ಇಷ್ಟೆಲ್ಲ ಯಾಕೆ ಹೀಗಾಯಿತು ಅಂದರೆ, ಇವರು ತುಂಬಾ ಕಳೆದುಕೊಂಡಿದ್ದಾರೆ. 1977ರ ಏಪ್ರಿಲ್ 22ರಂದು ಉತ್ತರ ಸಮುದ್ರದ ಎಕೋಫಿಸ್ಕ್ ಎಣ್ಣೆ ಫೀಲ್ಡ್‌ನ ಬ್ರಾವೋ ಪ್ಲಾಟ್‌ಫಾರ್ಮ್‌ನಲ್ಲಿ ಬಾವಿ ರಿಪೇರಿ ನಡೆಯುತ್ತಿತ್ತು. ಮೇಲಿನ ಟ್ರೀ ತೆಗೆದಿದ್ದರು. ಕೆಳಗಿದ್ದ ಸೇಫ್ಟಿ ವಾಲ್ವ್ ಸರಿಯಾಗಿ ಕೂತಿರಲಿಲ್ಲ. ಬಾವಿ ಉಕ್ಕಿತು, ಎಂಟು ದಿನ ಎಣ್ಣೆ ಕಡಲಿಗೆ ಸುರಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಒಂದು ತಡೆ ತೆಗೆದಾಗ ಇನ್ನೊಂದು ನಿಜಕ್ಕೂ ಹಿಡಿದಿದೆಯಾ ಅಂತ ಪರೀಕ್ಷೆ ಮಾಡಿ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾಗಿಲ್ಲ. ಇವತ್ತು ಬಾವಿಗೆ ಒಂದರಿಂದೊಂದು ಬೇರೆಯಾದ ಎರಡು ತಡೆಗಳು ಇರಬೇಕು ಅನ್ನುವುದು ಇಲ್ಲಿನ ಮೂಲ ನಿಯಮ.

ಮೂರೇ ವರ್ಷಕ್ಕೆ, 1980ರ ಮಾರ್ಚ್ 27ರ ಸಂಜೆ, ಅಲೆಕ್ಸಾಂಡರ್ ಕೀಲ್ಯಾಂಡ್ ಅನ್ನೋ ತೇಲುವ ವಸತಿ ಪ್ಲಾಟ್‌ಫಾರ್ಮ್ ಅದೇ ಎಕೋಫಿಸ್ಕ್‌ನಲ್ಲಿ ಮಗುಚಿತು. ಒಂದು ಬೆಸುಗೆಯಿಂದ ಶುರುವಾದ ಬಿರುಕು ಒಂದು ಕಾಲನ್ನೇ ಕಿತ್ತುಹಾಕಿತ್ತು. 212 ಜನರಲ್ಲಿ 123 ಜನ ಸತ್ತರು. ಸ್ಟವಾಂಗರ್ ಹತ್ತಿರದ ಕ್ವೆರ್ನೆವಿಕ್‌ನಲ್ಲಿ, ಕಡಲಿಗೆ ಮುಖಮಾಡಿ ನಿಂತ ಮುರಿದ ಸರಪಳಿ ಕೊಂಡಿಯ ಸ್ಮಾರಕ ಅವರದ್ದು. ಕೆಲಸಕ್ಕೆ ಸೇರಿದ ಮೊದಲ ವಾರಗಳಲ್ಲೇ ಒಂದು ಸಲ ಹೋಗಿ ಬನ್ನಿ. ಇಲ್ಲಿ ವಯಸ್ಸಾದ ಸಹೋದ್ಯೋಗಿಗಳು ಸೇಫ್ಟಿ ಮೀಟಿಂಗ್‌ನಲ್ಲಿ ಯಾಕೆ ಅಷ್ಟು ಹಟ ಹಿಡಿಯುತ್ತಾರೆ ಅಂತ ಅರ್ಥವಾಗುತ್ತದೆ.

ಇನ್ನು ಸಿಲ್ (ಸೇಫ್ಟಿ ಇಂಟೆಗ್ರಿಟಿ ಲೆವೆಲ್) ಲೆಕ್ಕ. ಸುರಕ್ಷತಾ ಕಾರ್ಯ ಎಷ್ಟು ನಂಬಿಕೆಗೆ ಅರ್ಹವಾಗಿರಬೇಕು ಅನ್ನುವುದರ ಅಳತೆ ಇದು. ಸಿಲ್ 2 ಅಂದರೆ ನೂರು ಸಲ ಬೇಕಾದಾಗ ಒಂದು ಸಲಕ್ಕಿಂತ ಕಡಿಮೆ ಕೈಕೊಡಬೇಕು. ಸಿಲ್ 3 ಅಂದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಸಂಖ್ಯೆ ತೋರಿಸುವುದು ಕಷ್ಟವಲ್ಲ. ಅದಕ್ಕೆ ಬೇಕಾದ ದೋಷಗಳ ಅಂಕಿಅಂಶ ಎಣ್ಣೆ ಕಂಪನಿಗಳು ಒಟ್ಟಾಗಿ ಕೂಡಿಸಿದ ಒರೇಡಾ ಡೇಟಾದಲ್ಲಿ ಸಿಗುತ್ತದೆ, ಲೆಕ್ಕ ಮಾಡುವ ವಿಧಾನಕ್ಕೆ ಟ್ರೋಂಡ್‌ಹೈಮ್‌ನ ಸಿಂಟೆಫ್ ಸಂಸ್ಥೆಯ ಪಿಡಿಎಸ್ ಕೈಪಿಡಿ ಇದೆ. ಕಷ್ಟ ಇರುವುದು ಆ ಸಂಖ್ಯೆಯನ್ನು ವರ್ಷಗಟ್ಟಲೆ ನಿಜವಾಗಿ ಉಳಿಸಿಕೊಳ್ಳುವುದರಲ್ಲಿ. ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡುತ್ತೇವೆ ಅಂತ ಲೆಕ್ಕ ಹಾಕಿ, ಆಮೇಲೆ ವರ್ಷಕ್ಕೊಮ್ಮೆ ಮಾಡಿದರೆ, ಬೇಕಾದಾಗ ಕೈಕೊಡುವ ಸಂಭವ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕಾಗದದಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಇರುತ್ತದೆ.

ಡೌನ್‌ಹೋಲ್ ವಾಲ್ವ್‌ನ ಟೆಸ್ಟ್ ನೋಡಿ. ವಾಲ್ವ್ ಮುಚ್ಚುತ್ತಾರೆ, ಅದರ ಮೇಲಿನ ಒತ್ತಡ ಇಳಿಸುತ್ತಾರೆ, ಆಮೇಲೆ ಕಾಯುತ್ತಾರೆ. ಸ್ಕ್ರೀನ್ ಮೇಲೆ ಗೆರೆ ಸಮವಾಗಿದ್ದರೆ ಒಳ್ಳೆಯದು. ಮೇಲಕ್ಕೆ ಏರಿದರೆ ಎಷ್ಟು ವೇಗದಲ್ಲಿ ಏರುತ್ತಿದೆ ಅಂತ ನೋಡಿ ಸೋರಿಕೆ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಬಳಸುವ ಮಿತಿ ಗ್ಯಾಸ್ ಆದರೆ ನಿಮಿಷಕ್ಕೆ ಸುಮಾರು 0.42 ಘನ ಮೀಟರ್. ಮಿತಿ ದಾಟಿದರೆ ಅದು ಫೇಲ್. "ಸ್ವಲ್ಪ ಜಾಸ್ತಿ ಅಷ್ಟೇ, ಇನ್ನೊಂದು ಸಲ ನೋಡೋಣ" ಅಂತ ಪಾಸ್ ಆಗುವವರೆಗೆ ಟೆಸ್ಟ್ ಮಾಡಿ, ಕೊನೆಯದನ್ನು ಮಾತ್ರ ಬರೆಯುವ ಹಾಗಿಲ್ಲ. ಮೊದಲ ಫಲಿತಾಂಶವೇ ವಾಲ್ವ್‌ನ ನಿಜವಾದ ಸ್ಥಿತಿ. ದಯವಿಟ್ಟು ಅದನ್ನೇ ಬರೆಯಿರಿ. ನಿಮ್ಮ ಬಾಸ್‌ಗೆ ಬೇಜಾರಾಗಬಹುದು ಅಂತ ಹಿಂಜರಿಯಬೇಡಿ.

ಈ ಹಿಂಜರಿಕೆಯ ಬಗ್ಗೆ ಮನಬಿಚ್ಚಿ ಹೇಳಬೇಕು. ನಾವು ದೊಡ್ಡವರ ಎದುರು ಸುಮ್ಮನಿರುವುದೇ ಮರ್ಯಾದೆ ಅಂತ ಬೆಳೆದವರು. ವೀಸಾ ಕೆಲಸಕ್ಕೆ ಅಂಟಿಕೊಂಡಿರುವಾಗ ಬಾಯಿ ಇನ್ನೂ ಕಟ್ಟುತ್ತದೆ. ಇಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನೀವು ಸುಮ್ಮನಿದ್ದರೆ ನಿಮಗೆ ಒಪ್ಪಿಗೆ ಇದೆ ಅಂತಲೇ ತಿಳಿಯುತ್ತಾರೆ. ಇದು ಬರೀ ರೂಢಿಯ ಮಾತಲ್ಲ. ಕೆಲಸ ಮುಂದುವರಿದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಅಂತ ಅನ್ನಿಸಿದರೆ ಅದನ್ನು ನಿಲ್ಲಿಸುವುದು ಕೆಲಸಗಾರನ ಕರ್ತವ್ಯ ಅಂತ ನಾರ್ವೆಯ ಕಾರ್ಮಿಕ ಪರಿಸರ ಕಾಯ್ದೆಯೇ ಹೇಳುತ್ತದೆ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವುದಿಲ್ಲ.

ಅದೇ ಕಾಯ್ದೆಯಡಿ 'ವೆರ್ನೆಒಮ್‌ಬುಡ್' ಇರುತ್ತಾರೆ, ಕೆಲಸಗಾರರೇ ಆರಿಸಿದ ಸುರಕ್ಷತಾ ಪ್ರತಿನಿಧಿ. ತಕ್ಷಣದ ಅಪಾಯ ಕಂಡು, ಅದನ್ನು ಬೇರೆ ರೀತಿ ಕೂಡಲೇ ತಪ್ಪಿಸಲು ಆಗದಿದ್ದರೆ ಅವರು ಕೆಲಸ ನಿಲ್ಲಿಸಬಹುದು. ಅದರಿಂದ ಕಂಪನಿಗೆ ನಷ್ಟವಾದರೂ ಅವರನ್ನು ಹೊಣೆ ಮಾಡುವಂತಿಲ್ಲ. ನಿಮ್ಮ ವಿಭಾಗದ ವೆರ್ನೆಒಮ್‌ಬುಡ್ ಯಾರು ಅಂತ ಮೊದಲ ವಾರವೇ ಕೇಳಿ, ಹೋಗಿ ಒಂದು ಕಾಫಿ ಕುಡಿದು ಪರಿಚಯ ಮಾಡಿಕೊಳ್ಳಿ. ಒಳಗೆ ಹೇಳಿ ಪ್ರಯೋಜನವಾಗದಿದ್ದರೆ ಹಾವ್‌ಟಿಲ್‌ಗೇ ತಿಳಿಸಬಹುದು, ತಿಳಿಸಿದವರ ಹೆಸರನ್ನು ಅವರು ಗುಟ್ಟಾಗಿ ಇಡಬೇಕು. ಟೆಕ್ನಾ, ನಿಟೋ ಥರದ ಎಂಜಿನಿಯರ್ ಸಂಘಗಳಿಗೆ ಸೇರುವುದೂ ಇಲ್ಲಿ ತೀರಾ ಸಾಮಾನ್ಯ. ಸೇರಿದರೆ ಮ್ಯಾನೇಜರ್ ಬೇರೆ ಕಣ್ಣಿನಿಂದ ನೋಡುತ್ತಾರೆ ಅನ್ನೋ ಭಯ ಬೇಡ. ಸರ್ಕಾರ, ಕಂಪನಿ, ಸಂಘ ಮೂವರೂ ಒಂದೇ ಮೇಜಿನ ಸುತ್ತ ಕೂತು ಮಾತಾಡುವುದರ ಮೇಲೆಯೇ ಇಲ್ಲಿನ ವ್ಯವಸ್ಥೆ ನಿಂತಿದೆ.

ಕೊನೆಗೆ ಒಂದು ಕೆಲಸದ ಮಾತು. ಯಾವುದೇ ಫೀಲ್ಡ್‌ನ ಜವಾಬ್ದಾರಿ ಕೈಗೆ ಬಂದಾಗ ಮೂರು ಕಾಗದ ಕೇಳಿ ತಗೊಳ್ಳಿ. ಒಂದು, ಕಾಸ್ ಅಂಡ್ ಎಫೆಕ್ಟ್ ಚಾರ್ಟ್. ಯಾವ ಸಿಗ್ನಲ್ ಬಂದರೆ ಯಾವ ವಾಲ್ವ್ ಮುಚ್ಚುತ್ತದೆ ಅಂತ ಅದರಲ್ಲಿ ಇರುತ್ತದೆ. ಇನ್ನೊಂದು, ಕಳೆದ ಕೆಲವು ವರ್ಷದ ವಾಲ್ವ್ ಟೆಸ್ಟ್ ಫಲಿತಾಂಶ, ಫೇಲ್ ಆದವೂ ಸೇರಿ. ಮೂರನೆಯದು, ಈಗ ಯಾವ ಯಾವ ಸುರಕ್ಷತಾ ಕಾರ್ಯವನ್ನು ಓವರ್‌ರೈಡ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಕೆಲಸ ಮಾಡದಂತೆ ತಡೆದು ಇಟ್ಟಿದ್ದಾರೆ ಅನ್ನುವ ಪಟ್ಟಿ. ಈ ಮೂರನೆಯದನ್ನು ನಾನು ಮೊದಲು ಓದುತ್ತೇನೆ. ಪ್ರತಿ ಸಾಲಿನ ಎದುರು ಯಾರು ಮಾಡಿದರು, ಯಾವಾಗ, ಯಾಕೆ, ಬದಲಿಗೆ ಏನು ವ್ಯವಸ್ಥೆ ಮಾಡಿದ್ದಾರೆ ಅಂತ ಇರಬೇಕು. ಯಾವುದಾದರೂ ಸಾಲಿನಲ್ಲಿ ತಾರೀಖು ತುಂಬಾ ಹಳೆಯದಾಗಿದ್ದು, "ಯಾಕೆ" ಅನ್ನುವ ಕಾಲಂ ಖಾಲಿ ಇದ್ದರೆ, ಹ್ಯಾಂಡೋವರ್‌ಗೆ ಸಹಿ ಹಾಕುವ ಮುಂಚೆ ಅದನ್ನು ಕೇಳಿ.