ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

ಎರಡು ವರ್ಷ ನಾನು ಒಂದು ನಾಣ್ಯವನ್ನು ಬ್ರೋಕೇಜ್, ಅಂದರೆ ಟಂಕಸಾಲೆಯಲ್ಲೇ ಆಗುವ ಒಂದು ಬಗೆಯ ತಪ್ಪು, ಅಂತಲೇ ನಂಬಿ ಜೋಪಾನವಾಗಿ ಇಟ್ಟಿದ್ದೆ. ಅದರ ಒಂದು ಮುಖದಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ, ತಗ್ಗಾಗಿ ಮೂಡಿದ್ದವು. ಬ್ರೋಕೇಜ್ ಆಗುವುದೂ ಹಾಗೇ ಅಲ್ವಾ? ಹೊಡೆದ ನಾಣ್ಯ ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಖಾಲಿ ಲೋಹದ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ.

ಒಂದು ದಿನ ದೀಪವನ್ನು ಪಕ್ಕಕ್ಕೆ ಸರಿಸಿ, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ನೋಡಿದೆ. ತಿರುಗಿದ ಅಕ್ಷರಗಳ ಅಡಿಯಲ್ಲಿ ಆ ಮುಖದ ಸ್ವಂತ ಚಿತ್ರವೂ ಇತ್ತು, ಚಪ್ಪಟೆಯಾಗಿ. ಅಲ್ಲಿಗೆ ಮುಗಿಯಿತು. ಅಂಟಿದ ನಾಣ್ಯ ಅಚ್ಚನ್ನು ಮುಚ್ಚಿದ್ದರೆ, ಮುಚ್ಚಿದ ಜಾಗದಲ್ಲಿ ಅಚ್ಚಿನ ಚಿತ್ರ ಮೂಡುವುದಾದರೂ ಹೇಗೆ? ಯಾರೋ ಎರಡು ನಾಣ್ಯಗಳನ್ನು ವೈಸ್‌ನಲ್ಲಿ ಸಿಕ್ಕಿಸಿ ಒತ್ತಿದ್ದರು. ತುಂಬಾ ಬೇಜಾರಾಯಿತು. ಆದರೆ ಅವತ್ತಿನಿಂದ ಯಾವ ನಾಣ್ಯ ಕೈಗೆ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಟಂಕಸಾಲೆಯ ಯಾವ ಹಂತದಲ್ಲಿ ಹೀಗಾಗಲು ಸಾಧ್ಯ?

ಅಂಚು ಕಚ್ಚಿಹೋದ ಹಾಗಿರುವ ನಾಣ್ಯಗಳಲ್ಲಿ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಂಚ್ ಹಿಂದಿನ ತೂತಿನ ಮೇಲೇ ಬಿದ್ದರೆ ಅರ್ಧಚಂದ್ರದಂತೆ ಒಂದು ತುಂಡು ಇಲ್ಲವಾಗುತ್ತದೆ. ಇದೇ ಕ್ಲಿಪ್. ಆಮೇಲೆ ಆ ಬಿಲ್ಲೆಯನ್ನು ಸುತ್ತಲೂ ಒತ್ತಿ ಅಂಚು ಎಬ್ಬಿಸುತ್ತಾರೆ. ಖಾಲಿ ಜಾಗದಲ್ಲಿ ಒತ್ತಡ ಸಿಗುವುದಿಲ್ಲ. ಆದ್ದರಿಂದ ಅದಕ್ಕೆ ನೇರ ಎದುರಿನ ಅಂಚೂ ಸರಿಯಾಗಿ ಏಳುವುದಿಲ್ಲ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅನ್ನುತ್ತಾರೆ. ನನ್ನ ಹತ್ತಿರ ಇರುವ ಒಂದರಲ್ಲಿ ಎದುರಿನ ಅಂಚು ಕರಗಿಹೋದ ಹಾಗಿದೆ. ಕಚ್ಚಿನ ಪಕ್ಕದ ಅಕ್ಷರ ಖಾಲಿ ಜಾಗದ ಕಡೆಗೆ ಎಳೆದಂತೆ ಹಿಗ್ಗಿ, ಸಣ್ಣಗೆ ಮಾಸಿದೆ. ಎದುರಿನ ಅಂಚಿನ ಗುರುತು ಪ್ರತಿ ಅಸಲಿ ಕ್ಲಿಪ್‌ನಲ್ಲೂ ಕಾಣುವುದಿಲ್ಲ, ನಿಜ. ಆದರೆ ಆಮೇಲೆ ಕತ್ತರಿಸಿದ್ದರೆ ಅಕ್ಷರ ಪೂರ್ಣವಾಗಿದ್ದು ತಟ್ಟನೆ ತುಂಡಾಗಿರುತ್ತದೆ. ಅರದ ಗೀರೂ ಸಿಗಬಹುದು.

ಗೆರೆಗಳ ವಿಷಯ ಸುಲಭ. ಅಚ್ಚು ಬಿರುಕು ಬಿಟ್ಟರೆ ಲೋಹ ಅದರೊಳಗೆ ನುಗ್ಗಿ ನಾಣ್ಯದ ಮೇಲೆ ಉಬ್ಬು ಗೆರೆ ಮೂಡುತ್ತದೆ. ಗೀರು ಬಿದ್ದರೆ ತಗ್ಗು, ಉಳುಮೆ ಸಾಲಿನ ಹಾಗೆ ಎರಡೂ ಬದಿ ಲೋಹ ಎದ್ದಿರುತ್ತದೆ.

ಜೋಡಿ ಅಕ್ಷರಗಳಿಗೆ ಮಾತ್ರ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಅಮೆರಿಕದ 1955ರ ಕೆಲವು ಸೆಂಟ್ ನಾಣ್ಯಗಳ ಅಚ್ಚಿನಲ್ಲೇ ಅಕ್ಷರಗಳು ಜೋಡಿಯಾಗಿದ್ದವು. ಅವುಗಳಲ್ಲಿ ಎರಡನೇ ಅಕ್ಷರವೂ ದುಂಡಗೆ ಉಬ್ಬಿದೆ. ಹೊಡೆತದ ಕೊನೆಯಲ್ಲಿ ಅಚ್ಚು ಅಲುಗಾಡಿದರೆ ಮೂಡುವುದು ಬರೀ ಚಪ್ಪಟೆ ಮೆಟ್ಟಿಲು. ಅದರಲ್ಲಿ ಅಕ್ಷರವೇ ಸವೆದ ಹಾಗೆ ಕಾಣುತ್ತದೆ.

ಬಣ್ಣ ಬೇರೆಯಾಗಿದ್ದರೆ ಮೊದಲು ಅಯಸ್ಕಾಂತ, ಆಮೇಲೆ 0.01 ಗ್ರಾಂ ತೋರಿಸುವ ತಕ್ಕಡಿ. 1943ರ ಉಕ್ಕಿನ ಸೆಂಟ್‌ಗೆ ತಾಮ್ರದ ಲೇಪ ಕೊಟ್ಟು, ಟಂಕಸಾಲೆಯಲ್ಲೇ ತಪ್ಪಿ ತಾಮ್ರದಲ್ಲಿ ಹೊಡೆದದ್ದು ಎಂದು ಮಾರುತ್ತಾರೆ. ಅದು ಅಯಸ್ಕಾಂತಕ್ಕೆ ಟಕ್ಕನೆ ಅಂಟುತ್ತದೆ.