ತಲೆನೋವು ಮೊದಲು, ಪುಸ್ತಕ ಆಮೇಲೆ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಹೇಳಿದರೆಂದು ಆ ಕೆಲಸದ ಬಗ್ಗೆ ಒಂದೇ ಸಲ ಆರು ದಪ್ಪ ಪುಸ್ತಕ ತರಿಸಿದ್ದೆ. ಒಂದರಲ್ಲೂ ಐವತ್ತು ಪುಟ ದಾಟಲಿಲ್ಲ. ಎರಡು ಮಾತ್ರ ಮಾನಿಟರ್ ಎತ್ತರಿಸಲು ಕೆಲಸಕ್ಕೆ ಬಂದವು. ಇಂಥ ಪುಸ್ತಕ ಓದಲು ಆಮೇಲೆ ಕಂಡುಕೊಂಡ ದಾರಿ ಇದು.

ಮೊದಲು ಈ ವಾರದ ತಲೆನೋವನ್ನು ಒಂದು ಸಾಲಿನಲ್ಲಿ ಬರೆಯಿರಿ. 'ಬಿಲ್ಲಿಂಗ್ ಕೋಡ್ ಮುಟ್ಟಲು ಭಯ' ಅಂತಿಟ್ಟುಕೊಳ್ಳಿ. ಹಾಗಾದರೆ ಮೈಕಲ್ ಫೆದರ್ಸ್ ಅವರ 'ವರ್ಕಿಂಗ್ ಎಫೆಕ್ಟಿವ್ಲಿ ವಿತ್ ಲೆಗಸಿ ಕೋಡ್' (2004) ತೆಗೆಯಿರಿ. ಅವರ ಪ್ರಕಾರ ಟೆಸ್ಟ್ (ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಪುಟ್ಟ ಕೋಡ್) ಇಲ್ಲದ ಕೋಡೆಲ್ಲ ಲೆಗಸಿಯೇ, ಅಂದರೆ ಮುಟ್ಟಲು ಕಷ್ಟವಾದ ಹಳೇ ಕೋಡೇ, ನಿನ್ನೆ ಸಂಜೆ ಬರೆದದ್ದಾದರೂ ಸರಿ. ಅದರ ಎಷ್ಟೋ ಅಧ್ಯಾಯಗಳ ಹೆಸರೇ ನಮ್ಮ ಗೊಣಗಾಟದಂತಿದೆ. ನಿಮ್ಮ ಗೊಣಗಾಟ ಹುಡುಕಿ, ಅಲ್ಲಿಂದಲೇ ಓದಿ.

ಓದಿದ್ದನ್ನು ಅವತ್ತೇ ನಿಮ್ಮ ಕೋಡ್ ಮೇಲೆ ಪ್ರಯೋಗಿಸಿ. ಬಿಲ್ ಲೆಕ್ಕ ಹಾಕುವ ಫಂಕ್ಷನ್‌ಗೆ 100 ಕೊಟ್ಟು, ಉತ್ತರ 0 ಎಂದು ಬೇಕಂತಲೇ ತಪ್ಪು ಟೆಸ್ಟ್ ಬರೆಯಿರಿ. ಟೆಸ್ಟ್ ಫೇಲ್ ಆಗಿ '0 ಅಲ್ಲ, 118' ಅನ್ನುತ್ತದೆ ಅಂತಿಟ್ಟುಕೊಳ್ಳಿ. ಆ 118 ಅನ್ನೇ ಟೆಸ್ಟ್‌ಗೆ ಹಾಕಿ. ಅದು ಸರಿಯೋ ತಪ್ಪೋ ಆಮೇಲೆ ನೋಡೋಣ. ಕೋಡ್ ಈಗ ಏನು ಮಾಡುತ್ತಿದೆ ಅನ್ನುವುದಂತೂ ಕೈಗೆ ಸಿಕ್ಕಿತಲ್ವಾ? ಇಂಥ ನಾಲ್ಕು ಟೆಸ್ಟ್ ಬರೆದ ಮೇಲೆ ಭಯ ಅರ್ಧ ಇಳಿದಿರುತ್ತದೆ.

ಟೀಮ್ ಲೀಡ್‌ಗಳ ತಲೆನೋವು ಬೇರೆ. ಐಬಿಎಂನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಆ ಅನುಭವದಿಂದ 1975ರಲ್ಲಿ 'ದ ಮಿಥಿಕಲ್ ಮ್ಯಾನ್-ಮಂತ್' ಬರೆದರು. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅನ್ನುವುದು ಅವರ ಮಾತು. ಪೆನ್ನು ಹಿಡಿದು ಲೆಕ್ಕ ಹಾಕಿ. 5 ಜನರಿದ್ದರೆ ಮಾತಾಡಬೇಕಾದ ಜೋಡಿ 10. 8 ಜನರಾದರೆ 28! ಹೊಸಬರಿಗೆ ಹೇಳಿಕೊಡಲು ಹಳಬರ ಸಮಯವೂ ಹೋಗುತ್ತದೆ. 'ಇನ್ನೂ ಮೂರು ಜನರನ್ನು ಕೊಡ್ತೀನಿ' ಎಂದು ಮ್ಯಾನೇಜರ್ ಬಂದಾಗ ಈ ಲೆಕ್ಕ ಬೋರ್ಡ್ ಮೇಲಿರಲಿ. ಹಳೇ ಯಂತ್ರಗಳ ವಿವರವಿರುವ ಪುಟಗಳನ್ನು ಸುಮ್ನೆ ದಾಟಿಸಿ, ಪಾಪ ಬರುವುದಿಲ್ಲ.

ಹೊಸದಾಗಿ ಲೀಡ್ ಆದವರಿಗೆ ಕಮೀಲ್ ಫೌರ್ನಿಯರ್ ಅವರ 'ದ ಮ್ಯಾನೇಜರ್ಸ್ ಪಾತ್' (2017) ಒಳ್ಳೆಯದು. ಅದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನಿಮ್ಮ ಮೆಟ್ಟಿಲಿನ ಅಧ್ಯಾಯ ಓದಿ, ಮೇಲಿನದನ್ನೂ ಓದಿ. ಬಾಸ್ ಯಾಕೆ ಹಾಗಾಡುತ್ತಾರೆ ಅನ್ನುವುದಕ್ಕೆ ಸ್ವಲ್ಪ ಉತ್ತರ ಅಲ್ಲಿದೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೊಳ್ಳುವವರು ಆವೃತ್ತಿ ನೋಡಿ ಕೊಳ್ಳಿ. ಕೋಡ್ ಮಾಡುವ ಕೆಲಸ ಬದಲಿಸದೆ ಅದರ ಒಳಗನ್ನು ಚೊಕ್ಕ ಮಾಡುವುದನ್ನು ಹೇಳುವ ಮಾರ್ಟಿನ್ ಫೌಲರ್ ಅವರ 'ರಿಫ್ಯಾಕ್ಟರಿಂಗ್' 1999ರದ್ದಾದರೆ ಉದಾಹರಣೆಗಳು ಜಾವಾ ಭಾಷೆಯಲ್ಲಿ, 2018ರದ್ದಾದರೆ ಜಾವಾಸ್ಕ್ರಿಪ್ಟ್‌ನಲ್ಲಿ. ಬ್ರೂಕ್ಸ್ ಪುಸ್ತಕವಾದರೆ ಹೆಚ್ಚಿನ ಅಧ್ಯಾಯಗಳಿರುವ 1995ರದ್ದನ್ನೇ ಕೇಳಿ.